ಏರಿಯ ಮೇಲಿನ ಜಲ್ಲಿ ದಾರಿ: ಫ್ರಾನ್ಸಿನ ಕೆರೆನಾಡಿನಲ್ಲಿ ಸೈಕಲ್ ಸವಾರಿ

ಫ್ರೆಂಚ್ ಭಾಷೆಯ ‘ಶೋಸೆ’ ಎಂಬ ಪದಕ್ಕೆ ರಸ್ತೆ ಎಂಬ ಅರ್ಥವೂ ಉಂಟು, ಕೆರೆಯ ಏರಿ ಎಂಬ ಅರ್ಥವೂ ಉಂಟು. ಬಯಲುಸೀಮೆಯಲ್ಲಿ ಕೆರೆ ಏರಿಯ ಮೇಲೆ ಬಸ್ಸಿನಲ್ಲಿ ಹಾದುಹೋದ ಯಾರಿಗೂ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಗ್ಗು ನೆಲದಲ್ಲಿ ನೀರು ನಿಲ್ಲಿಸಲು ಹಾಕಿದ ಮಣ್ಣಿನ ದಿಬ್ಬವೇ ಮಳೆಗಾಲದಲ್ಲಿ ಕಾಲು ಹೂಳದೆ ನಡೆಯಬಹುದಾದ ಜಾಗವೂ ಆಗುತ್ತದೆ, ಜನ ಅದರ ಮೇಲೆಯೇ ಓಡಾಡುತ್ತಾರೆ. ಮಧ್ಯ ಫ್ರಾನ್ಸಿನ ಆಂದ್ರ್ ಜಿಲ್ಲೆಯಲ್ಲಿರುವ ಬ್ರೆನ್ ಎಂಬ ಸೀಮೆಯಲ್ಲಿ ಇಂಥ ಏರಿಗಳು ಲೆಕ್ಕವಿಲ್ಲದಷ್ಟಿವೆ. ‘ಸಾವಿರ ಕೆರೆಗಳ ನಾಡು’ ಎಂದು ಅದನ್ನು ಕರೆಯುತ್ತಾರಾದರೂ ನಿಜವಾದ ಸಂಖ್ಯೆ ಸಾವಿರವನ್ನು ಎಷ್ಟೋ ಮೀರಿದೆ. ಡಾಂಬರು ರಸ್ತೆ ತಲುಪದ ಆ ಏರಿಗಳ ಆಸುಪಾಸಿನಲ್ಲಿ, ಪೊದೆಗಾಡಿನ ನಡುವೆ, ಹೊಲಗಳ ಅಂಚಿನಲ್ಲಿ ಜಲ್ಲಿ ಮತ್ತು ಮಣ್ಣಿನ ದಾರಿಗಳು ಹೆಣೆದುಕೊಂಡಿವೆ. ಗ್ರಾವೆಲ್ ಬೈಕ್ ಎಂಬ ಸೈಕಲ್ಲು ಹುಟ್ಟಿದ್ದೇ ಇಂಥ ದಾರಿಗಳಿಗಾಗಿ.

ಈ ಸೀಮೆಯನ್ನು ಅರಿಯಲು ಸೈಕಲ್ಲಿನ ಟೈರಿಗಿಂತ ಒಳ್ಳೆಯ ಸಾಧನವಿಲ್ಲ ಎಂಬುದು ನನ್ನ ನಂಬಿಕೆ. ಕೆರೆ ಎಲ್ಲಿ ನಿಲ್ಲುತ್ತದೆ, ಕೋಟೆ ಎಲ್ಲಿ ಏಳುತ್ತದೆ, ದಾರಿ ಎಲ್ಲಿ ಗಟ್ಟಿಯಾಗಿದ್ದು ಎಲ್ಲಿ ಕೆಸರಾಗುತ್ತದೆ ಎಂಬುದನ್ನೆಲ್ಲ ಇಲ್ಲಿ ನಿರ್ಧರಿಸಿರುವುದು ನೆಲದ ಮೇಲ್ಪದರ. ಆ ಪದರವನ್ನು ಸವಾರನ ಅಂಗೈಯವರೆಗೆ ಮುಟ್ಟಿಸುವುದು ಟೈರು.

ಬ್ರೆನ್ ಸೀಮೆಯ ತಳದಲ್ಲಿ ಜುರಾಸಿಕ್ ಕಾಲದ ಸುಣ್ಣಕಲ್ಲಿದೆ. ಅದರ ಮೇಲೆ, ಇಂದಿಗೆ ಸುಮಾರು 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನ ಇಯೋಸೀನ್ ಯುಗದಲ್ಲಿ, ನೀರು ಹೊತ್ತು ತಂದ ಮರಳು ಮತ್ತು ಜೇಡಿ ಹರಡಿಕೊಂಡವು. ಮರಳಿನ ಕಣ ಕಣ್ಣಿಗೆ ಕಾಣುತ್ತದೆ. ಜೇಡಿಯ ಕಣವಾದರೋ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಚಿಕ್ಕದು, ಆಕಾರದಲ್ಲಿ ಹಾಳೆಯಂತೆ ಚಪ್ಪಟೆ. ಈ ಹಾಳೆಗಳು ಒಂದರ ಮೇಲೊಂದು ಕುಳಿತಾಗ ನಡುವೆ ಉಳಿಯುವ ಸಂದುಗಳು ಎಷ್ಟು ಕಿರಿದೆಂದರೆ, ನೀರು ಅವುಗಳ ಮೂಲಕ ಇಳಿಯಲು ತಿಣುಕಬೇಕು. ಮಳೆನೀರು ಕೆಳಗಿಳಿಯಲಾರದೆ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಕೆರೆ ಕಟ್ಟಲು ಆಳವಾಗಿ ಅಗೆಯಬೇಕಾಗಿರಲಿಲ್ಲ, ತಗ್ಗಿಗೆ ಅಡ್ಡವಾಗಿ ಒಂದು ಏರಿ ಹಾಕಿದರೆ ಸಾಕಾಗುತ್ತಿತ್ತು.

ಮರಳು ಕೆಲವೆಡೆ ಬೆಸೆದುಕೊಂಡು ಕಬ್ಬಿಣದ ಆಕ್ಸೈಡಿನಿಂದ ಕೆಂಪೇರಿದ ಮರಳುಗಲ್ಲಾಗಿದೆ. ಸುತ್ತಲಿನ ಮೆದು ಮಣ್ಣು ಕಾಲಾಂತರದಲ್ಲಿ ಕೊಚ್ಚಿಹೋದಾಗ ಈ ಗಟ್ಟಿ ಗಂಟುಗಳು ಸಣ್ಣ ಗುಡ್ಡಗಳಾಗಿ ಉಳಿದುಕೊಂಡವು. ಸ್ಥಳೀಯರು ಅವನ್ನು ‘ಬುಟೋಂ’ ಎನ್ನುತ್ತಾರೆ. ಗಾರ್ಗಾಂತುವಾ ಎಂಬ ದೈತ್ಯ ಈ ಸೀಮೆಯನ್ನು ದಾಟುವಾಗ ಅವನ ಪಾದರಕ್ಷೆಗೆ ಮೆತ್ತಿಕೊಂಡಿದ್ದ ಮಣ್ಣಿನ ಹೆಂಟೆಗಳು ಉದುರಿ ಈ ದಿಬ್ಬಗಳಾದವು ಎಂಬುದು ಅಲ್ಲಿನ ಜನಪದ ಕಥೆ. ಜೇಡಿಯ ಸ್ವಭಾವವನ್ನು ಬಲ್ಲವರು ಕಟ್ಟಿದ ಕಥೆಯಿದು. ಮಳೆ ಬಂದ ಮರುದಿನ ಇಲ್ಲಿ ಸೈಕಲ್ ಓಡಿಸಿದವರಿಗೆ ದೈತ್ಯನ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಟೈರಿನ ವಿಷಯಕ್ಕೆ ಬರೋಣ. ಡಾಂಬರಿನ ಮೇಲೆ ಓಡುವ ರೇಸಿಂಗ್ ಸೈಕಲ್ಲಿಗೆ 25 ಅಥವಾ 28 ಮಿಲಿಮೀಟರ್ ಅಗಲದ ಟೈರು ಹಾಕಿ ಬಿಗಿಯಾಗಿ ಗಾಳಿ ತುಂಬುತ್ತಾರೆ. ಗ್ರಾವೆಲ್ ಬೈಕಿನ ಟೈರು ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲವಿರುತ್ತದೆ, ಗಾಳಿಯ ಒತ್ತಡ 2ರಿಂದ 3 ಬಾರ್ (ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ). ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 90 ಕಿಲೋ ತೂಕವಿದ್ದು, ಅದರಲ್ಲಿ 50 ಕಿಲೋದಷ್ಟು ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ತೂಕವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ಜಾಗದ ಅಳತೆ ಸಿಗುತ್ತದೆ: 7 ಬಾರ್ ಒತ್ತಡದಲ್ಲಿ ಸುಮಾರು 7 ಚದರ ಸೆಂಟಿಮೀಟರ್, 2.5 ಬಾರ್ ಒತ್ತಡದಲ್ಲಿ ಸುಮಾರು 20. ಮೊದಲನೆಯದು ಹೆಬ್ಬೆರಳು ಒತ್ತಿದಷ್ಟು ಜಾಗ; ಎರಡನೆಯದು ನಾಲ್ಕು ಬೆರಳು ಸೇರಿಸಿ ಒತ್ತಿದಷ್ಟು.

ಗಾಳಿ ಕಡಿಮೆಯಾದಷ್ಟೂ ಸೈಕಲ್ ಭಾರವಾಗುತ್ತದೆ ಎಂಬುದು ಬಾಲ್ಯದಿಂದ ನಮಗೆಲ್ಲ ಗೊತ್ತಿರುವ ಮಾತು. ನುಣುಪಾದ ನೆಲದ ಮೇಲೆ ಅದು ನಿಜ. ಚಕ್ರ ಉರುಳುವಾಗ ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗಿ, ಮುಂದೆ ಸರಿದ ಕೂಡಲೇ ಮತ್ತೆ ಉಬ್ಬಿಕೊಳ್ಳುತ್ತದೆ. ರಬ್ಬರನ್ನು ಬಗ್ಗಿಸಲು ತೆತ್ತ ಶಕ್ತಿ ಪೂರ್ತಿಯಾಗಿ ಮರಳಿ ಬರುವುದಿಲ್ಲ, ಒಂದಷ್ಟು ಶಾಖವಾಗಿ ಸೋರಿಹೋಗುತ್ತದೆ. ವಿಜ್ಞಾನಿಗಳು ಹಿಸ್ಟರಿಸಿಸ್ ಎನ್ನುವುದು ಇದಕ್ಕೆ. ಟೈರು ಬಿಗಿಯಾಗಿದ್ದರೆ ಬಗ್ಗುವುದು ಕಡಿಮೆ, ಸೋರಿಕೆಯೂ ಕಡಿಮೆ.

ಜಲ್ಲಿಯ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಒಂದು ಸೆಂಟಿಮೀಟರ್ ಎತ್ತರದ ಕಲ್ಲೊಂದು ಚಕ್ರಕ್ಕೆ ಸಿಕ್ಕಿತೆನ್ನಿ. ಕಲ್ಲಿನಂತೆಯೇ ಗಟ್ಟಿಯಾದ ಟೈರು ಅದನ್ನು ಹತ್ತಿ ಇಳಿಯಬೇಕು. ಹಿಂಚಕ್ರದ ಮೇಲಿನ 50 ಕಿಲೋ ಭಾರ ಒಂದು ಸೆಂಟಿಮೀಟರ್ ಮೇಲೇರಬೇಕಾದರೆ ಸುಮಾರು 5 ಜೂಲ್ ಶಕ್ತಿ ಬೇಕು. ಇಳಿಯುವಾಗ ಅದು ಪೂರ್ತಿಯಾಗಿ ಮುಂದಿನ ಚಲನೆಯಾಗಿ ಹಿಂದಿರುಗುವುದಿಲ್ಲ. ಸೈಕಲ್ಲಿನ ಚೌಕಟ್ಟು ನಡುಗುತ್ತದೆ, ಸವಾರನ ತೊಡೆ, ತೋಳು, ಬೆನ್ನಿನ ಸ್ನಾಯುಗಳು ನಡುಗುತ್ತವೆ, ಆ ನಡುಕವೆಲ್ಲ ಶಾಖವಾಗಿ ಕಳೆದುಹೋಗುತ್ತದೆ. ಮೆತ್ತಗಿನ ಟೈರು ಅದೇ ಕಲ್ಲನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ರಬ್ಬರು ಕಲ್ಲಿನ ಸುತ್ತ ತಗ್ಗಿ, ಒಳಗಿನ ಗಾಳಿ ಸ್ಪ್ರಿಂಗಿನಂತೆ ಅದುಮಿಕೊಂಡು, ಕಲ್ಲು ದಾಟಿದ ಮೇಲೆ ಕೊಟ್ಟದ್ದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಸವಾರನ ದೇಹ ಅಲುಗುವುದು ಅಲ್ಪ. ಒರಟು ದಾರಿಯಲ್ಲಿ ಅಗಲವಾದ, ತುಸು ಮೆತ್ತಗಿನ ಟೈರೇ ಹಗುರವಾಗಿ ಓಡುವುದು ಇದರಿಂದ. ಒತ್ತಡ ತೀರಾ ಇಳಿದರೆ ಮಾತ್ರ ಕಲ್ಲು ರಿಮ್ಮಿಗೇ ಬಡಿದು ನಡುವಿನ ಟ್ಯೂಬನ್ನು ಕಚ್ಚುತ್ತದೆ. ಈ ಕಾಟ ತಪ್ಪಿಸಲೆಂದೇ ಅನೇಕರು ಟ್ಯೂಬ್ ಇಲ್ಲದ ಟೈರು ಹಾಕಿಸಿ, ತೂತನ್ನು ತಾನೇ ಮುಚ್ಚುವ ದ್ರವವನ್ನು ಒಳಗೆ ತುಂಬಿಸಿಕೊಳ್ಳುತ್ತಾರೆ.

ಮರಳು ಬಂದಾಗ ಕಷ್ಟದ ಬಗೆಯೇ ಬೇರೆ. ಅಲ್ಲಿ ಬಗ್ಗುವುದು ಟೈರಲ್ಲ, ನೆಲ. ಪಕ್ಕಕ್ಕೆ ಸರಿದ ಮರಳು ಸ್ಪ್ರಿಂಗಿನಂತೆ ಹಿಂದೆ ಬರುವುದಿಲ್ಲವಾದ್ದರಿಂದ ಅದನ್ನು ಸರಿಸಲು ತೆತ್ತ ಶಕ್ತಿಯೆಲ್ಲ ನಷ್ಟ. ಭಾರ ಹೆಚ್ಚು ಜಾಗದ ಮೇಲೆ ಹರಡಿದಷ್ಟೂ ಚಕ್ರ ಹೂಳುವುದು ಕಡಿಮೆ. ಆ 20 ಚದರ ಸೆಂಟಿಮೀಟರಿನ ಬೆಲೆ ತಿಳಿಯುವುದು ಇಲ್ಲಿ. ಒದ್ದೆ ಜೇಡಿಯಲ್ಲಾದರೆ ಅದೇ ಅಗಲ ಶಾಪವಾಗುತ್ತದೆ: ಹಾಳೆಯಂಥ ಕಣಗಳ ನಡುವಿನ ನೀರಿನ ತೆಳುಪೊರೆ ಮಣ್ಣನ್ನು ಮಣ್ಣಿಗೂ ಟೈರಿಗೂ ಅಂಟಿಸಿ, ಸುತ್ತಿಗೊಂದು ಪದರದಂತೆ ಬೆಳೆಯುತ್ತ, ಕೊನೆಗೆ ಫೋರ್ಕಿನ ಸಂದಿನಲ್ಲಿ ಸಿಕ್ಕಿ ಚಕ್ರವನ್ನೇ ನಿಲ್ಲಿಸುತ್ತದೆ. ಕೆರೆಯ ನೀರನ್ನು ಇಂಗಗೊಡದ ಗುಣ ಯಾವುದೋ ಚಕ್ರವನ್ನು ಕಟ್ಟಿಹಾಕುವ ಗುಣವೂ ಅದೇ.

ಕೆರೆಗಳು ಪ್ರಕೃತಿಯ ಕೊಡುಗೆ ಎಂದು ಮೊದಲ ನೋಟಕ್ಕೆ ಅನ್ನಿಸುವುದು ಸಹಜ. ಆದರೆ ಇವು ಮಧ್ಯಯುಗದಿಂದೀಚೆಗೆ ಮನುಷ್ಯರು ಕಟ್ಟಿದವು. ಮೆಯೊಬೆಕ್, ಸಾಂ ಸಿರಾಂ ಮಠಗಳ ಸಂನ್ಯಾಸಿಗಳು ಇದಕ್ಕೆ ಮೊದಲಿಗರು ಎಂಬ ಹೇಳಿಕೆ ಇದೆ. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿಯಿಲ್ಲ; ಸಮುದ್ರ ದೂರ; ಬೇಸಾಯಕ್ಕೆ ನೆಲ ಒಲ್ಲದು. ಹೀಗಾಗಿ ನೀರಿನಲ್ಲೇ ಬೆಳೆ ತೆಗೆಯುವ ದಾರಿ ಹಿಡಿದರು. ಇಂದಿಗೂ ಇಲ್ಲಿನ ಮುಖ್ಯ ಬೆಳೆ ಸಾಮಾನ್ಯ ಗೆಂಡೆ, ಕರ್ನಾಟಕದ ಕೆರೆಗಳಿಗೂ ಮರಿ ಬಿಡುವ ಅದೇ ಮೀನು.

ಕೆರೆಗಳು ಸರಣಿಯಾಗಿ ಒಂದರ ಕೆಳಗೊಂದು ಇವೆ, ನಮ್ಮಲ್ಲಿ ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನದು ತುಂಬುವಂತೆಯೇ. ವ್ಯತ್ಯಾಸ ಬಳಕೆಯಲ್ಲಿದೆ. ನಮ್ಮ ತೂಬು ಗದ್ದೆಗೆ ನೀರು ಬಿಡಲು. ಅವರ ತೂಬು ಕೆರೆಯನ್ನು ಪೂರ್ತಿ ಬರಿದು ಮಾಡಲು. ಶರತ್ಕಾಲದಿಂದ ಚಳಿಗಾಲದವರೆಗೆ ಸರದಿಯಂತೆ ತೂಬು ತೆಗೆಯುತ್ತಾರೆ. ನೀರು ದಿನಗಟ್ಟಲೆ ನಿಧಾನವಾಗಿ ಇಳಿಯುತ್ತದೆ, ಮೀನುಗಳು ಏರಿಯ ಬುಡದಲ್ಲಿ ತೋಡಿಟ್ಟ ಗುಂಡಿಗೆ ಬಂದು ಸೇರುತ್ತವೆ, ಎದೆಮಟ್ಟದ ರಬ್ಬರ್ ಉಡುಪು ತೊಟ್ಟವರು ಬಲೆಯನ್ನು ದಡಕ್ಕೆ ಎಳೆಯುತ್ತಾರೆ. ಇದಕ್ಕೆ ಚಳಿಯ ದಿನವೇ ಏಕೆ ಬೇಕೆಂದರೆ, 5 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು, 25 ಡಿಗ್ರಿಯಲ್ಲಿ ಸುಮಾರು 8 ಮಾತ್ರ. ತಣ್ಣೀರಿನಲ್ಲಿ ಮೀನಿನ ಉಸಿರಾಟದ ಅಗತ್ಯವೂ ತಗ್ಗುತ್ತದೆ. ಸಾವಿರಾರು ಗೆಂಡೆಗಳು ಮೊಣಕಾಲುದ್ದ ನೀರಿನಲ್ಲಿ ಒತ್ತೊತ್ತಾಗಿ ಸೇರಿದರೂ ಜೀವಂತ ಉಳಿಯುವುದು ಈ ಕಾರಣದಿಂದ.

ಕೆಲವು ವರ್ಷಗಳಿಗೊಮ್ಮೆ ಕೆರೆಯನ್ನು ಒಂದಿಡೀ ಋತು ಒಣಗಲು ಬಿಡುವುದೂ ಉಂಟು. ನೀರಿನಡಿಯ ಹೂಳಿಗೆ ಗಾಳಿ ತಾಗದು. ಸತ್ತ ಎಲೆ ಕಾಂಡಗಳು ಅರೆಕೊಳೆತು ಗುಡ್ಡೆಯಾಗುತ್ತವೆ. ಹೂಳು ಒಣಗಿ ಬಿರುಕು ಬಿಟ್ಟಾಗ ಆಮ್ಲಜನಕ ಒಳಹೊಕ್ಕು, ಬ್ಯಾಕ್ಟೀರಿಯಾಗಳು ಚುರುಕಾಗಿ, ಸಿಕ್ಕಿಬಿದ್ದಿದ್ದ ಸಾರಜನಕ, ರಂಜಕಗಳು ಬಿಡುಗಡೆಯಾಗುತ್ತವೆ. ಮತ್ತೆ ನೀರು ತುಂಬಿದಾಗ ಸೂಕ್ಷ್ಮಜೀವಿಗಳು ಸೊಂಪಾಗಿ ಬೆಳೆದು ಮೀನಿಗೆ ಮೇವಾಗುತ್ತವೆ. ಆಳ ಕಡಿಮೆಯಿರುವ ಈ ಕೆರೆಗಳು ಹೂಳು ತುಂಬಿ ಜೊಂಡಿನ ಜೌಗಾಗದೆ ನೂರಾರು ವರ್ಷ ಉಳಿದದ್ದು, ಅವನ್ನು ಮತ್ತೆಮತ್ತೆ ಬರಿದು ಮಾಡಿದ್ದರಿಂದಲೇ.

ಇದೆಲ್ಲವನ್ನೂ ಒಂದೇ ನೋಟಕ್ಕೆ ಕಾಣಬೇಕೆಂದರೆ ರೊನೇ ಎಂಬ ಊರಿನ ಬಳಿಯ ಶಾಟೊ ದು ಬೂಶೆಗೆ ಹೋಗಬೇಕು. ಮಧ್ಯಯುಗದ ಈ ಕೋಟೆ ನಿಂತಿರುವುದು ಒಂದು ಬುಟೋಂ ಮೇಲೆ, ಕಟ್ಟಿರುವುದು ಅದೇ ಕೆಂಪು ಮರಳುಗಲ್ಲಿನಿಂದ. ಬೆಟ್ಟವಿಲ್ಲದ ಸೀಮೆಯಲ್ಲಿ ಆ ಸಣ್ಣ ಎತ್ತರವೇ ಕಾವಲಿಗೆ ಸಾಕಾಯಿತು. ಅದರ ಹತ್ತಿರದಲ್ಲೇ 150 ಹೆಕ್ಟೇರಿಗೂ ಮೀರಿ ಹರಡಿರುವ ಮೇರ್ ರೂಜ್, ಅಂದರೆ ‘ಕೆಂಪು ಸಮುದ್ರ’ ಎಂಬ ಕೆರೆಯಿದೆ. ಧರ್ಮಯುದ್ಧಕ್ಕೆ ಹೋಗಿ ಸೆರೆಸಿಕ್ಕಿ ಮರಳಿದ ಬೂಶೆಯ ಒಡೆಯನೊಬ್ಬ ಕೆಂಪು ಸಮುದ್ರದ ನೆನಪಿಗೆ ಈ ಹೆಸರಿಟ್ಟನೆಂಬ ಐತಿಹ್ಯವಿದೆ. ಉತ್ತರಕ್ಕಿರುವ ಅಜೆ ಲ ಫೆರೋಂ ಶಾಟೊ ಬೇರೆ ಬಗೆಯದು. ಹಲವು ಶತಮಾನಗಳಲ್ಲಿ ಬೆಳೆದ, ಬಿಳಿಗಲ್ಲಿನ, ತೋಟಗಳ ನಡುವಿನ ಅರಮನೆ. ಗೋಡೆಯ ಬಣ್ಣ ಕೆಂಪಿನಿಂದ ಬಿಳಿಗೆ ತಿರುಗಿತೆಂದರೆ ಸವಾರನು ಮರಳುಗಲ್ಲಿನ ಸೀಮೆ ಬಿಟ್ಟು ಸುಣ್ಣಕಲ್ಲಿನ ಕಡೆಗೆ ಸಾಗಿದ್ದಾನೆಂದು ತಿಳಿಯಬಹುದು, ಮತ್ತು ದಾರಿಯ ಜಲ್ಲಿಯೂ ಬಿಳುಪಾಗಿ ಬಿಗಿಯಾಗುತ್ತದೆ. ಸುಣ್ಣಕಲ್ಲಿನ ಪುಡಿ ಒದ್ದೆಯಾಗಿ ಒಣಗಿದಾಗ ತಾನೇ ಗಾರೆಯಂತೆ ಹಿಡಿದುಕೊಳ್ಳುತ್ತದೆ.

ಈ ನೀರಿನ ಸೀಮೆಯಲ್ಲಿ ಬದುಕು ಎಂದೂ ಸುಲಭವಾಗಿರಲಿಲ್ಲ. ಚಳಿಜ್ವರ, ಅಂದರೆ ಮಲೇರಿಯಾ, ಇಲ್ಲಿ ಮನೆಮನೆಯ ಕಾಯಿಲೆಯಾಗಿತ್ತು. ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದ ಕಾಲದಲ್ಲಿ ಅನೇಕ ಕೆರೆಗಳನ್ನು ಒಡೆದು ಬತ್ತಿಸಿದರು. ಫ್ರೆಂಚ್ ವೈದ್ಯ ಲಾವರಾಂ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು 1880ರಲ್ಲಿ, ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು 1897ರಲ್ಲಿ.

ಇಂದು ಬ್ರೆನ್ 1989ರಲ್ಲಿ ರೂಪುಗೊಂಡ ಪ್ರಾದೇಶಿಕ ನಿಸರ್ಗ ಉದ್ಯಾನದ ಭಾಗ. 1991ರಿಂದ ರಾಮ್ಸಾರ್ ತಾಣವೂ ಹೌದು, ಅಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಿದ ಜೌಗು ಪ್ರದೇಶ. ಮೀಸೆ ರೀವ ಹಕ್ಕಿಗಳು ನೈದಿಲೆಯ ಎಲೆಗಳ ಮೇಲೆ ತೇಲುವ ಗೂಡು ಕಟ್ಟುತ್ತವೆ. ಈಚೆಗೆ ಬಂದು ಸೇರಿದ ಅಮೆರಿಕದ ಕೆಂಪು ಸಿಗಡಿಯಂಥ ಕ್ರೇಫಿಶ್ ಮಾತ್ರ ನೀರಗಿಡಗಳನ್ನು ಮೇಯುತ್ತ, ಏರಿಗಳಲ್ಲಿ ಬಿಲ ಕೊರೆಯುತ್ತ ಚಿಂತೆ ಹುಟ್ಟಿಸಿದೆ. ಕೆರೆಗಳಲ್ಲಿ ಹೆಚ್ಚಿನವು ಖಾಸಗಿಯವರದಾದ್ದರಿಂದ ಬೇಲಿ ದಾಟದೆ ಗುರುತು ಹಾಕಿದ ದಾರಿಯಲ್ಲೇ ಸಾಗಬೇಕು.

ಮೇ, ಜೂನ್ ತಿಂಗಳ ಸಂಜೆ ಆ ದಾರಿಯಲ್ಲಿ ವೇಗ ತಗ್ಗಿಸುವುದು ಅಗತ್ಯ. ಯುರೋಪಿನ ಕೊಳದ ಆಮೆ, ಕಪ್ಪು ಚಿಪ್ಪಿನ ತುಂಬ ಹಳದಿ ಚುಕ್ಕಿಗಳಿರುವ ಪ್ರಾಣಿ, ಆಗ ನೀರು ಬಿಟ್ಟು ಬಿಸಿಲು ಕಾಯುವ ಮರಳುನೆಲವನ್ನು ಹುಡುಕಿಕೊಂಡು ಹೊರಡುತ್ತದೆ. ಹಿಂಗಾಲುಗಳಿಂದ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ನೆಲದ ಶಾಖ ತೀರ್ಮಾನಿಸುತ್ತದೆ: ತಂಪಾದ ಗುಳಿಯಲ್ಲಿ ಗಂಡು, ಬೆಚ್ಚನೆಯ ಗುಳಿಯಲ್ಲಿ ಹೆಣ್ಣು. ಬೇಸಿಗೆಯ ಕೊನೆಗೆ ಮೊಟ್ಟೆಯೊಡೆದ ಮರಿಗಳಲ್ಲಿ ಹಲವು ಚಳಿಗಾಲವನ್ನು ಮಣ್ಣಿನೊಳಗೇ ಕಳೆದು, ಮುಂದಿನ ವಸಂತದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಗಾತ್ರದಲ್ಲಿ ಹೊರಬಂದು, ಜಲ್ಲಿ ದಾರಿಯನ್ನು ಅಡ್ಡಹಾಯ್ದು ಏರಿಯ ಕಡೆಗೆ ನಡೆಯುತ್ತವೆ.