ಕಡಲಹಕ್ಕಿ ಏನು ತಿಂದಿತ್ತು? ಗರಿ ಹೇಳುತ್ತದೆ

ಕಡಲಹಕ್ಕಿಯ ಊಟ ತಿಳಿಯಲು ಹಳೆಯ ದಾರಿ ಎಂದರೆ ಅದರ ಹೊಟ್ಟೆ ನೋಡುವುದು. ನೀರು ಕುಡಿಸಿ ಕಕ್ಕಿಸಬೇಕು, ಇಲ್ಲವೇ ಅದು ಉಗುಳಿದ ಉಂಡೆಗಳನ್ನು ಬಿಡಿಸಿ ನೋಡಬೇಕು. ಇದರಲ್ಲಿ ಮೋಸ ಹೋಗುವುದು ಸುಲಭ. ಆಕ್ಟೋಪಸ್‌ಗೆ ಹತ್ತಿರದ ಕಡಲಪ್ರಾಣಿಯಾದ ಸ್ಕ್ವಿಡ್‌ನ ಗಟ್ಟಿ ಕೊಕ್ಕು ಹೊಟ್ಟೆಯಲ್ಲಿ ಬಹಳ ದಿನ ಉಳಿಯುತ್ತದೆ, ಮೆತ್ತನೆಯ ಮೀನು ಬೇಗ ಕರಗಿಹೋಗುತ್ತದೆ. ಆಗ ಹಕ್ಕಿ ಸ್ಕ್ವಿಡ್ಡನ್ನೇ ಜಾಸ್ತಿ ತಿಂದಂತೆ ಕಾಣುತ್ತದೆ. ಅಲ್ಲದೆ ಹಕ್ಕಿ ಕೈಗೆ ಸಿಗುವುದು ಹೆಚ್ಚಾಗಿ ಮರಿ ಮಾಡುವ ಕಾಲದಲ್ಲಿ. ಉಳಿದ ತಿಂಗಳು ನಡುಗಡಲಲ್ಲಿ ಏನು ತಿಂದಿತೋ?

ತಿಂದದ್ದೇ ಅಲ್ವಾ ಮೈಯಾಗುವುದು. ಹಾಗಾಗಿ ಮೈಯನ್ನೇ ಕೇಳಬಹುದು. ನೈಟ್ರೋಜನ್‌ನಲ್ಲಿ ಎರಡು ಬಗೆಯ ಪರಮಾಣುಗಳಿವೆ. ಬಹುಪಾಲು ಹಗುರವಾದ ನೈಟ್ರೋಜನ್-14. ಒಂದು ನ್ಯೂಟ್ರಾನ್ ಹೆಚ್ಚಿರುವ ನೈಟ್ರೋಜನ್-15 ಸಾವಿರಕ್ಕೆ ನಾಲ್ಕೂ ಇಲ್ಲ. ಎರಡೂ ವಿಕಿರಣ ಸೂಸುವುದಿಲ್ಲ, ತಾವಾಗಿ ಒಡೆಯುವುದೂ ಇಲ್ಲ. ಅದಕ್ಕೇ ಇವು ಸ್ಥಿರ ಐಸೊಟೋಪ್‌ಗಳು. ಪ್ರಾಣಿಯ ಮೈ ಹಗುರವಾದದ್ದನ್ನು ತುಸು ಹೆಚ್ಚಾಗಿ ಹೊರಹಾಕುತ್ತದೆ, ಭಾರದ್ದು ಉಳಿದುಕೊಳ್ಳುತ್ತದೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಏರಿದರೆ ಇವುಗಳ ಅನುಪಾತ ಸಾವಿರದಲ್ಲಿ ಸುಮಾರು 3ರಿಂದ 5 ಪಾಲಿನಷ್ಟು ಏರುತ್ತದೆ. ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿ ತಿನ್ನುವ ಹಕ್ಕಿಗಿಂತ ದೊಡ್ಡ ಮೀನು ತಿನ್ನುವ ಹಕ್ಕಿಯಲ್ಲಿ ಭಾರದ ನೈಟ್ರೋಜನ್ ಹೆಚ್ಚಿರುವುದು ಹೀಗೆ. ಕಾರ್ಬನ್‌ನ ಭಾರದ ಪರಮಾಣುವಾದ ಕಾರ್ಬನ್-13 ಮೆಟ್ಟಿಲಿಂದ ಮೆಟ್ಟಿಲಿಗೆ ಅಷ್ಟಾಗಿ ಬದಲಾಗುವುದಿಲ್ಲ. ಅದು ಜಾಗದ ಸುಳಿವು ಕೊಡುತ್ತದೆ: ಸಾಮಾನ್ಯವಾಗಿ ದಡದ ಹತ್ತಿರ ಜಾಸ್ತಿ, ತೆರೆದ ಕಡಲಲ್ಲಿ ಕಡಿಮೆ.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಕಾಲದ ಲೆಕ್ಕ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಳೆದ ಕೆಲವು ದಿನಗಳ ಊಟ ಹೇಳುತ್ತದೆ. ಕೆಂಪು ರಕ್ತಕಣ ಕೆಲವು ವಾರಗಳದ್ದು, ಎಲುಬು ವರ್ಷಗಳದ್ದು. ಗರಿಯ ರೀತಿಯೇ ಬೇರೆ. ಪೂರ್ತಿ ಬೆಳೆದ ಮೇಲೆ ಅದಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಬೆಳೆಯುವಾಗ ಸೇರಿದ್ದು ಹಾಗೇ ಉಳಿಯುತ್ತದೆ. ಎಷ್ಟೋ ಕಡಲಹಕ್ಕಿಗಳು ಮರಿ ಮಾಡಿದ ಮೇಲೆ ದೂರದ ಕಡಲಲ್ಲಿ ಗರಿ ಬದಲಿಸುತ್ತವೆ. ಮುಂದಿನ ವರ್ಷ ಗೂಡಿನ ಬಳಿ ಚೂರು ಗರಿ ಕತ್ತರಿಸಿಕೊಂಡರೆ ಸಾಕು, ನಾವು ನೋಡದ ಆ ತಿಂಗಳುಗಳ ಊಟ ಅದರಲ್ಲಿರುತ್ತದೆ. ಅಳೆಯಲು ಬೇಕಾಗುವುದು ಒಂದು ಮಿಲಿಗ್ರಾಂ ಆಸುಪಾಸು. ಮ್ಯೂಸಿಯಂನಲ್ಲಿರುವ ನೂರು ವರ್ಷದ ಹಕ್ಕಿಯ ಗರಿಯೂ ನಡೆಯುತ್ತದೆ.

ಆದರೆ ಈ ಸಂಖ್ಯೆ ಮೀನಿನ ಹೆಸರು ಹೇಳುವುದಿಲ್ಲ. ಹೊಟ್ಟೆ ನೋಡುವ ಹಳೆಯ ಕೆಲಸ ಇನ್ನೂ ಬೇಕು. ಇನ್ನೊಂದು ತೊಡಕೂ ಇದೆ. ಸರಪಳಿಯ ಬುಡದಲ್ಲಿರುವ ಪಾಚಿಯ ನೈಟ್ರೋಜನ್ನೇ ಬದಲಾದರೆ, ಊಟ ಬದಲಾಗದಿದ್ದರೂ ಹಕ್ಕಿಯ ಅನುಪಾತ ಬದಲಾಗುತ್ತದೆ.

ಹವಾಯಿ ಪೆಟ್ರೆಲ್ ಎಂಬ ಹಕ್ಕಿಯ ವಿಷಯದಲ್ಲಿ ಈ ತೊಡಕು ಎದುರಾಗಿತ್ತು. ಅದರ ಹಳೆಯ ಎಲುಬುಗಳಲ್ಲಿ ಸಾವಿರಾರು ವರ್ಷಗಳ ಊಟದ ಗುರುತಿದೆ. ಇತ್ತೀಚಿನ ಸುಮಾರು ನೂರು ವರ್ಷಗಳಲ್ಲಿ ಭಾರದ ನೈಟ್ರೋಜನ್ ಇಳಿದಿದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಳಿದದ್ದು ಊಟವೋ, ಸರಪಳಿಯ ಬುಡವೋ? ಅದನ್ನು ತಿಳಿಯಲು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿನ ಭಾರದ ನೈಟ್ರೋಜನ್ನನ್ನು ಬೇರೆ ಬೇರೆಯಾಗಿ ಅಳೆದರು. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಲ್ಲಿ ಅದು ಮೆಟ್ಟಿಲು ಏರಿದರೂ ಹೆಚ್ಚು ಬದಲಾಗದೆ ಬುಡದ ಗುರುತನ್ನೇ ಉಳಿಸಿಕೊಳ್ಳುತ್ತದೆ. ಗ್ಲುಟಾಮಿಕ್ ಆಮ್ಲದಲ್ಲಿ ಮೆಟ್ಟಿಲಿನ ಜೊತೆ ಏರುತ್ತದೆ. ಎರಡನ್ನೂ ಹೋಲಿಸಿದಾಗ ಸಿಕ್ಕ ಉತ್ತರ: ಹಕ್ಕಿಗಳೇ ಆಹಾರ ಸರಪಳಿಯಲ್ಲಿ ಕೆಳಗಿಳಿದಿವೆ. ದೊಡ್ಡ ಪ್ರಮಾಣದ ಮೀನುಗಾರಿಕೆಯೇ ಇದಕ್ಕೆ ಕಾರಣವಿರಬಹುದು ಎಂಬುದು ಸಂಶೋಧಕರ ಅನುಮಾನ.