ಎರಡು ಚೆಂಡು ಬರುತ್ತೆ, ಮೂರನೆಯದು ಯಾಕೆ ಬರಲ್ಲ?

ಪ್ರಶ್ನೆ: ನಾನು ತುಮಕೂರಿನವಳು, ವಯಸ್ಸು 46. ಬೇಸಿಗೆ ರಜೆಯಲ್ಲಿ ಮಗಳ ಜೊತೆ ಸೇರಿ ಜಗ್ಲಿಂಗ್ ಕಲಿಯಲು ಶುರು ಮಾಡಿದೆ. ಎರಡು ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಆಡಿಸುತ್ತೇನೆ. ಮೂರನೆಯದು ಸೇರಿದ ಕೂಡಲೇ ಎಲ್ಲಾ ಚೆಲ್ಲಾಪಿಲ್ಲಿ. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಇಲ್ಲದಿದ್ದರೆ ಅವುಗಳ ಹಿಂದೆ ನಾನು ಹಾಲ್ ಪೂರ್ತಿ ಓಡುತ್ತೇನೆ. ಮಗಳಿಗೆ ಎರಡೇ ವಾರದಲ್ಲಿ ಬಂತು. ನನಗೆ ವಯಸ್ಸಾಯಿತಾ?

ಉತ್ತರ: ವಯಸ್ಸಿನ ಮಾತು ಆಮೇಲೆ ನೋಡೋಣ. ಮೊದಲು ಒಂದು ಕೆಲಸ ಮಾಡಿ. ಎರಡು ಚೆಂಡು ತಗೊಂಡು ಎಂದಿನ ಹಾಗೆ ಆಡಿಸಿ. ನಿಮ್ಮ ಎಡಗೈಯನ್ನು ಮಾತ್ರ ನೋಡುತ್ತಿರಲು ಮಗಳಿಗೆ ಹೇಳಿ. ಆ ಕೈ ಚೆಂಡನ್ನು ಮೇಲಕ್ಕೆ ಎಸೆಯುತ್ತಿದೆಯಾ, ಅಥವಾ ಬಲಗೈಗೆ ಸುಮ್ನೆ ದಾಟಿಸುತ್ತಿದೆಯಾ?

ದಾಟಿಸುತ್ತಿರುತ್ತೆ ಅಂತಲೇ ನನ್ನ ಅಂದಾಜು. ನಮ್ಮ ಬೀದಿಯ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಕಲಿಸುವಾಗ ನಾನು ಮತ್ತೆ ಮತ್ತೆ ನೋಡಿದ್ದು ಇದನ್ನೇ. ಬಲಗೈ ಎಸೆಯುತ್ತೆ. ಎಡಗೈ ಹಿಡಿದು, ಪಕ್ಕದಿಂದಲೇ ಬಲಗೈಗೆ ಕೊಡುತ್ತೆ. ಚೆಂಡುಗಳು ಬಾವಿ ರಾಟೆಯ ಹಾಗೆ ಒಂದೇ ದಿಕ್ಕಿಗೆ ಸುತ್ತುತ್ತವೆ. ಚಿಕ್ಕವರಿದ್ದಾಗ ಎರಡು ನಿಂಬೆಹಣ್ಣು ಕೈಗೆ ಸಿಕ್ಕರೆ ನಾವೆಲ್ಲಾ ಆಡುತ್ತಿದ್ದದ್ದು ಹೀಗೇ ಅಲ್ವಾ? ಹಾಗಾಗಿ ನಿಮ್ಮ ತೊಂದರೆ ಮೂರನೇ ಚೆಂಡಿನಲ್ಲಿ ಇಲ್ಲ, ಎರಡು ಚೆಂಡಿನ ಆಟದಲ್ಲೇ ಇದೆ. ಎಡಗೈಗೆ ಎಸೆಯುವುದು ಇನ್ನೂ ಗೊತ್ತಿಲ್ಲ.

ರಾಟೆ ಆಟ ತಪ್ಪು ಅಂತ ನಾನು ಹೇಳುತ್ತಿಲ್ಲ. ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಲ್ಲಿ ಹೆಣ್ಣುಮಕ್ಕಳು ಚಿಕ್ಕಂದಿನಿಂದಲೇ ಕಾಯಿಗಳನ್ನು ಹೀಗೆ ಸುತ್ತಿಸಿ ಆಡುತ್ತಾರೆ, ಅಲ್ಲಿ ಆ ಆಟಕ್ಕೆ ಹಿಕೊ ಅನ್ನುತ್ತಾರೆ. ಆದರೆ ಮೂರು ಚೆಂಡಿಗೆ ಅದು ಕಷ್ಟದ ದಾರಿ. ಎಸೆಯುವ ಕೆಲಸವೆಲ್ಲಾ ಒಂದೇ ಕೈ ಮೇಲೆ ಬೀಳುತ್ತೆ, ಚೆಂಡು ಜಾಸ್ತಿ ಎತ್ತರ ಹೋಗಬೇಕಾಗುತ್ತೆ. ಹೊಸಬರಿಗೆ ಸುಲಭವಾದದ್ದು ಇನ್ನೊಂದಿದೆ. ಅದರಲ್ಲಿ ಎರಡೂ ಕೈಗೆ ಒಂದೇ ಕೆಲಸ. ಬಲಗೈಯದು ಎಡಕ್ಕೆ, ಎಡಗೈಯದು ಬಲಕ್ಕೆ, ಸರದಿಯಂತೆ. ಎದುರು ನಿಂತು ನೋಡಿದರೆ ಚೆಂಡುಗಳ ದಾರಿ ಇಂಗ್ಲಿಷ್ ಅಂಕಿ 8 ಅನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತೆ. ನಿಮ್ಮ ಮಗಳು ಕಲಿತದ್ದು ಬಹುಶಃ ಇದೇ.

ಹಾಗಾಗಿ ಎರಡು ಚೆಂಡಿಗೆ ವಾಪಸ್ ಹೋಗಿ. ಒಂದೊಂದು ಕೈಯಲ್ಲಿ ಒಂದೊಂದು. ಮೊಣಕೈ ಪಕ್ಕೆಗೆ ಹತ್ತಿರ, ಅಂಗೈ ಹೊಕ್ಕಳ ಮಟ್ಟದಲ್ಲಿ. ಬಲಗೈಯಿಂದ ಒಂದನ್ನು ಎಸೆಯಿರಿ, ಅದು ಎಡಗಣ್ಣಿನ ಎತ್ತರಕ್ಕೆ ಬರಲಿ. ಮೇಲೆ ಹೋದ ಚೆಂಡು ಬೀಳುವ ಮುಂಚೆ ಒಂದು ಗಳಿಗೆ ನಿಂತ ಹಾಗೆ ಕಾಣುತ್ತೆ. ಆ ಗಳಿಗೆಗೆ ಕಾಯಿರಿ. ಆಗ ಎಡಗೈಯದನ್ನು ಅದರ ಕೆಳಗಿನಿಂದ, ಅದೇ ಎತ್ತರಕ್ಕೆ ಎಸೆಯಿರಿ. ಬಾಯಲ್ಲಿ ಹೇಳಿಕೊಳ್ಳಿ: ಎಸೆ, ಎಸೆ, ಹಿಡಿ, ಹಿಡಿ. ಅಲ್ಲಿಗೆ ನಿಲ್ಲಿಸಿ. ಮುಂದಿನ ಸಲ ಎಡಗೈಯಿಂದ ಶುರು ಮಾಡಿ.

ಮೊದಮೊದಲು ನಿಮ್ಮ ಎಡಗೈ ಹಳೇ ಚಾಳಿಗೆ ಹೋಗಿ ಚೆಂಡನ್ನು ಪಕ್ಕಕ್ಕೆ ತಳ್ಳುತ್ತೆ. ಬೇಜಾರಾಗಬೇಡಿ. ಎಡಗೈಗೆ ಮಾತ್ರ ಒಂದು ಚೆಂಡು ಕೊಟ್ಟು ಇಪ್ಪತ್ತು ಸಲ ಎಸೆಸಿ, ಮತ್ತೆ ಎರಡಕ್ಕೆ ಬನ್ನಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಯಾಕಂದ್ರೆ ಗಾಬರಿಯಾದಾಗ ಎಲ್ಲರೂ ಎತ್ತರ ಎಸೆಯುತ್ತಾರೆ. ಅಂಗೈಯಿಂದ ಅರ್ಧ ಮೀಟರ್ ಮೇಲೆ ಹೋದ ಚೆಂಡು ಹತ್ತಲು ಸುಮಾರು 0.32 ಸೆಕೆಂಡ್, ಇಳಿಯಲು ಅಷ್ಟೇ ಹೊತ್ತು ತಗೊಳ್ಳುತ್ತೆ. ಒಟ್ಟು 0.64 ಸೆಕೆಂಡ್. ಎರಡರಷ್ಟು ಎತ್ತರ, ಅಂದರೆ ಒಂದು ಮೀಟರ್ ಎಸೆದರೆ ಸಮಯವೂ ಎರಡರಷ್ಟು ಸಿಗುತ್ತೆ ಅಂತ ಅನ್ನಿಸುತ್ತೆ. ಸಿಗಲ್ಲ, 0.9 ಸೆಕೆಂಡ್ ಮಾತ್ರ. ಸಮಯ ಎರಡರಷ್ಟು ಬೇಕಂದ್ರೆ ಎತ್ತರ ನಾಲ್ಕರಷ್ಟು ಆಗಬೇಕು. ಅಷ್ಟು ಎತ್ತರಕ್ಕೆ ಕೈ ಸ್ವಲ್ಪ ಓರೆಯಾದರೂ ಸಾಕು, ಚೆಂಡು ಟಿವಿ ಹತ್ತಿರ ಬೀಳುತ್ತೆ. ಕಣ್ಣಿನ ಮಟ್ಟದಲ್ಲೇ ಇರಿ.

ಈಗ ಮೂರನೆಯದು. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಒಂದು. ಎರಡಿರುವ ಕೈಯಿಂದಲೇ ಶುರು. ಬಲ, ಎಡ, ಬಲ, ಮೂರೇ ಎಸೆತ. ಹಿಂದಿನ ಚೆಂಡು ತುದಿ ಮುಟ್ಟಿದಾಗ ಮುಂದಿನದು ಹೊರಡಬೇಕು. ಮತ್ತೆ, ಇದು ವಿಚಿತ್ರ ಅನ್ನಿಸಬಹುದು, ಯಾವುದನ್ನೂ ಹಿಡಿಯಬೇಡಿ. ಮೂರೂ ನೆಲಕ್ಕೆ ಬೀಳಲಿ.

ಸುಮ್ನೆ ಬೀಳಲು ಬಿಡುವುದು ಯಾಕೆ? ಹೊಸಬರ ಮನಸ್ಸೆಲ್ಲಾ ಹಿಡಿಯುವುದರ ಮೇಲೆ ಇರುತ್ತೆ. ಮೊದಲನೇ ಚೆಂಡು ಹಿಡಿಯುವ ಆತುರದಲ್ಲಿ ಕೈ ಬಿಗಿಯಾಗುತ್ತೆ, ಮೂರನೆಯದು ಬಲಗೈಯಲ್ಲೇ ಅಂಟಿಕೊಂಡುಬಿಡುತ್ತೆ. ಹಿಡಿಯುವ ಚಿಂತೆ ತೆಗೆದರೆ ಎಸೆತ ತಾನಾಗಿಯೇ ಬಿಡಿಸಿಕೊಳ್ಳುತ್ತೆ. ಕಿವಿಗೊಟ್ಟು ಕೇಳಿ: ಟಪ್, ಟಪ್, ಟಪ್ ಅಂತ ಸಮನಾದ ಬಿಡುವಿನಲ್ಲಿ ಬೀಳಬೇಕು. ಆಮೇಲೆ ನೆಲ ನೋಡಿ. ಎಡಗಾಲಿನ ಹತ್ತಿರ ಎರಡು, ಬಲಗಾಲಿನ ಹತ್ತಿರ ಒಂದು ಬಿದ್ದಿರಬೇಕು. ಮೂರೂ ಒಂದೇ ಕಡೆ ಬಿದ್ದಿದ್ದರೆ ಎಡಗೈ ಇನ್ನೂ ಎಸೆದಿಲ್ಲ. ಎರಡಡಿ ಮುಂದೆ ಬಿದ್ದಿದ್ದರೆ ನೀವು ಹಾಲ್ ತುಂಬಾ ಓಡುವುದು ಯಾಕೆ ಅಂತ ಗೊತ್ತಾಯಿತು: ಡಿಕ್ಕಿ ತಪ್ಪಿಸಲು ಕೈ ತಾನಾಗಿಯೇ ಮುಂದಕ್ಕೆ ಎಸೆಯುತ್ತಿದೆ. ನೆಲದಷ್ಟು ನಿಜ ಹೇಳುವ ಗುರು ನನಗೆ ಬೇರೆ ಸಿಕ್ಕಿಲ್ಲ.

ಓಟಕ್ಕೆ ಮದ್ದು, ಮಂಚ. ಮಂಚಕ್ಕೆ ಮೊಣಕಾಲು ತಾಗುವ ಹಾಗೆ ನಿಂತುಕೊಳ್ಳಿ. ಮುಂದೆ ಹೋಗಲು ಜಾಗ ಇರಲ್ಲ. ಬಿದ್ದ ಚೆಂಡು ಹಾಸಿಗೆ ಮೇಲೇ ಸಿಗುತ್ತೆ, ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳಲ್ಲ. ಡಿಕ್ಕಿಗೆ ಮದ್ದು ಬೇರೆ. ಎಸೆಯುವಾಗ ಕೈ ಹೊಕ್ಕಳ ಕಡೆ ಇರಲಿ, ಹಿಡಿಯುವಾಗ ಪಕ್ಕೆಯ ಕಡೆ. ಒಳಗಿನಿಂದ ಎಸೆತ, ಹೊರಗೆ ಹಿಡಿತ. ಹೋಗುವ ಚೆಂಡು ಬರುವ ಚೆಂಡಿನ ಒಳಬದಿಯಿಂದ ನುಸುಳಿದರೆ ಎರಡಕ್ಕೂ ದಾರಿ ಸಿಗುತ್ತೆ.

ಕಣ್ಣು ಕೈ ಮೇಲೆ ಬೇಡ. ಇದನ್ನು ನಾನು ಕಲಿತದ್ದು ನನ್ನ ಅಮ್ಮನಿಂದ. ಅಮ್ಮ ಗುಬ್ಬಿ ಕಡೆಯವರು, ಅಣ್ಣೆಕಲ್ಲು ಆಟದಲ್ಲಿ ಗಟ್ಟಿಗಿತ್ತಿ. ಜಗಲಿ ಮೇಲೆ ಕೂತು ಒಂದು ಕಲ್ಲು ಮೇಲಕ್ಕೆ ಎಸೆದು, ಅದು ಬರುವಷ್ಟರಲ್ಲಿ ಕೆಳಗಿನ ನಾಲ್ಕನ್ನೂ ಬಾಚಿಕೊಂಡು, ಮೇಲಿನದನ್ನೂ ಅದೇ ಕೈಯಲ್ಲಿ ಹಿಡಿಯುತ್ತಿದ್ದರು. ಒಂದು ಸಲವೂ ಅಂಗೈ ನೋಡುತ್ತಿರಲಿಲ್ಲ. ಕಣ್ಣು ಮೇಲೆ ಹೋದ ಕಲ್ಲಿನ ತುದಿಯಲ್ಲೇ. ಜಗ್ಲಿಂಗ್‌ಗೂ ಅದೇ ನೋಟ ಬೇಕು. ಚೆಂಡು ಮೇಲೆ ತಿರುಗುವ ಜಾಗ ಕಂಡರೆ ಸಾಕು, ಎಲ್ಲಿ ಬೀಳುತ್ತೆ ಅಂತ ಕೈಗೆ ಗೊತ್ತಾಗುತ್ತೆ. ನೀವು ಅಣ್ಣೆಕಲ್ಲು ಆಡಿದವರಾದರೆ ಈ ಭಾಗ ನಿಮಗೆ ಆಗಲೇ ಬಂದಿದೆ. ಇದು ಹೆಂಗಸರ ಕೈಗೆ ಹೊಸದೂ ಅಲ್ಲ: ಈಜಿಪ್ಟಿನ ಬೆನಿ ಹಸನ್‌ನಲ್ಲಿ ಸುಮಾರು 4,000 ವರ್ಷ ಹಳೆಯ ಗೋರಿಯೊಂದರ ಗೋಡೆ ಮೇಲೆ ಚೆಂಡು ಆಡಿಸುವವರ ಚಿತ್ರವಿದೆ, ಅವರೆಲ್ಲಾ ಹೆಂಗಸರು.

ಯಾವ ಚೆಂಡು ಅಂತ ನೀವು ಬರೆದಿಲ್ಲ. ಟೆನಿಸ್ ಚೆಂಡಾದರೆ ಇವತ್ತೇ ಬದಲಾಯಿಸಿ. ಅದು ಹಗುರ, ಕೈಗೆ ಬಿದ್ದ ಕೂಡಲೇ ಪುಟಿಯುತ್ತೆ, ಕೆಳಗೆ ಬಿದ್ದರೆ ಸೋಫಾ ಅಡಿಗೆ ಉರುಳುತ್ತೆ. ಅಂಗಡಿಯಲ್ಲಿ ಹುಡುಕುವುದೂ ಬೇಡ, ನಮ್ಮ ಜಿಲ್ಲೆಯ ಅಡುಗೆಮನೆಯಲ್ಲೇ ಒಳ್ಳೇ ಸಾಮಾನಿದೆ. ನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ ರಾಗಿಯನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿ, ಉಂಡೆ ಮಾಡಿ ಅಂಟಿಸಿ. ಒಂದು ಬಲೂನಿನ ಕುತ್ತಿಗೆ ಕತ್ತರಿಸಿ ಅದರ ಮೇಲೆ ಎಳೆದು ಹಾಕಿ. ಇನ್ನೊಂದನ್ನು ಎದುರು ದಿಕ್ಕಿನಿಂದ ಹಾಕಿ. ಟೆನಿಸ್ ಚೆಂಡಿನಷ್ಟೇ ಗಾತ್ರ ಬರುತ್ತೆ, ತೂಕ ಸುಮಾರು ಎರಡರಷ್ಟು. ಅಂಗೈಗೆ ಬಿದ್ದರೆ ಧಪ್ ಅಂತ ಕೂತುಬಿಡುತ್ತೆ. ಹೊರದೇಶಗಳಲ್ಲಿ ಮಾರುವ ಜಗ್ಲಿಂಗ್ ಚೆಂಡುಗಳಲ್ಲೂ ಸಿರಿಧಾನ್ಯ ತುಂಬುವ ರೂಢಿ ಇದೆ. ಬಲೂನ್ ಹರಿದರೆ ಬೇಗ ಬದಲಾಯಿಸಿ, ಇಲ್ಲಾಂದ್ರೆ ಇರುವೆ ಮುತ್ತುತ್ತೆ.

ಇನ್ನು ವಯಸ್ಸು. 2004ರಲ್ಲಿ ಜರ್ಮನಿಯ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಗ್ಲಿಂಗ್ ಗೊತ್ತಿಲ್ಲದ ಯುವಕ ಯುವತಿಯರಿಗೆ ಮೂರು ತಿಂಗಳು ಮೂರು ಚೆಂಡಿನ ಆಟ ಕಲಿಸಿ, ಮಿದುಳಿನ ಸ್ಕ್ಯಾನ್ ಮಾಡಿದ್ದರು. ಚಲಿಸುವ ವಸ್ತುಗಳನ್ನು ಗುರುತಿಸುವ ಭಾಗ ಸ್ವಲ್ಪ ಬೆಳೆದಿತ್ತು. ಅಭ್ಯಾಸ ಬಿಟ್ಟ ಮೇಲೆ ಅದು ಮತ್ತೆ ಕುಗ್ಗಿತು. 2008ರಲ್ಲಿ 60ರ ಆಸುಪಾಸಿನವರಿಗೂ ಕಲಿಸಿ ನೋಡಿದರು. ಒಂದು ನಿಮಿಷ ನಿಲ್ಲಿಸದೆ ಆಡಿಸುವ ಮಟ್ಟ ಮುಟ್ಟಿದವರು ಕಡಿಮೆ, ಅದು ನಿಜ. ಆದರೆ ಅವರ ಮಿದುಳಿನಲ್ಲೂ ಅದೇ ಥರದ ಬದಲಾವಣೆ ಕಂಡಿತು. ನಿಮಗಿನ್ನೂ 46. ಮಗಳಿಗಿಂತ ಜಾಸ್ತಿ ದಿನ ಬೇಕಾಗಬಹುದು, ಅಷ್ಟೇ. ಭಾನುವಾರ ಎರಡು ಗಂಟೆ ಕೂತು ಬೆವರು ಸುರಿಸುವುದಕ್ಕಿಂತ ದಿನಾ ಹತ್ತು ಹದಿನೈದು ನಿಮಿಷ ಸಾಕು. ಸಾಯಂಕಾಲ ಅಮಾನಿಕೆರೆ ಪಾರ್ಕಿಗೆ ಹೋಗುವುದಾದರೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ, ಗಾಳಿ ಜೋರಿದ್ದರೆ ಮನೆಯೇ ವಾಸಿ.

ಮಗಳು ಆಗಲೇ ಕಲಿತಿದ್ದಾಳೆ, ಅವಳನ್ನು ಬಳಸಿಕೊಳ್ಳಿ. ಇಬ್ಬರೂ ಒಂದೇ ಕಡೆ ಮುಖ ಮಾಡಿ, ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿ. ನೀವು ಎಡಕ್ಕೆ, ಅವಳು ಬಲಕ್ಕೆ. ಮಧ್ಯದ ಕೈಗಳು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರದು. ನಿಮ್ಮ ಎಡಗೈ, ಅವಳ ಬಲಗೈ, ಇಬ್ಬರೂ ಸೇರಿ ಒಬ್ಬರೇ ಆದ ಹಾಗೆ. ಎರಡು ಚೆಂಡು ಅವಳ ಕೈಯಲ್ಲಿ, ಒಂದು ನಿಮ್ಮ ಕೈಯಲ್ಲಿ. ಅವಳು ಎಸೆದದ್ದು ತುದಿ ಮುಟ್ಟಿದಾಗ ನೀವು ಅದರ ಕೆಳಗಿನಿಂದ ಎಸೆಯಿರಿ. ಹೀಗೆ ನಿಂತರೆ ನಿಮ್ಮ ಎಡಗೈಗೆ ಚೆಂಡನ್ನು ದಾಟಿಸಲು ಪಕ್ಕದಲ್ಲಿ ಬಲಗೈಯೇ ಇರಲ್ಲ. ಎಸೆಯಲೇಬೇಕು.