ಕೊನೆಗೌಡನ ಮರ, ಎಲೆಕ್ಟ್ರಾನಿನ ಚೆಂಡು

ಕಾರವಾರದ ಮನೆಯ ಕೋಣೆಯಲ್ಲಿ ಕೂತು ನಾನು ಮಾಡುವ ಕೆಲಸ ಏನು ಅಂತ ಶಿರಸಿಯ ನೆಂಟರಿಗೆ ಹೇಳಿ ಹೇಳಿ ಸೋತಿದ್ದೆ. ಸೋಲಾರ್ ಅಂದರೆ ಮಾಡಿನ ಮೇಲೆ ಹಾಕೋದಾ ಅಂತಲೇ ಕೇಳುತ್ತಿದ್ದರು. ಹೋದ ಸಲ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಲಿನ ಹೊತ್ತಿಗೆ ದೇವಿಮನೆ ಘಟ್ಟ ಹತ್ತಿ ಹೋದಾಗ ಉದಾಹರಣೆ ತೋಟದಲ್ಲೇ ಸಿಕ್ಕಿತು. ಕೊನೆ ಇಳಿಸುವ ಕೊನೆಗೌಡ ಅಡಿಕೆ ಮರದ ತುದಿಯಲ್ಲಿದ್ದ. ಆ ಮರದ ಕೊನೆ ಮುಗಿಯಿತು, ಆದರೆ ಕೆಳಗಿಳಿಯಲಿಲ್ಲ. ಮೈ ತೂಗಿ ತೂಗಿ ಮರವನ್ನೇ ಬಾಗಿಸಿದ, ಪಕ್ಕದ್ದು ಕೈಗೆ ಸಿಕ್ಕಿದ್ದೇ ತಡ ದಾಟಿಬಿಟ್ಟ. ಬಿಟ್ಟ ಮರ ಸೆಟೆದು ನಿಂತಿತು, ಹಿಡಿದ ಮರ ಭಾರಕ್ಕೆ ಬಾಗಿತು. ನಾನು ಕಂಪ್ಯೂಟರಿನಲ್ಲಿ ದಿನವಿಡೀ ಲೆಕ್ಕ ಹಾಕುವುದು ಇದನ್ನೇ, ಮರದ ಬದಲು ಅಣು, ಕೊನೆಗೌಡನ ಬದಲು ಎಲೆಕ್ಟ್ರಾನ್.

ಸಾವಯವ ಸೋಲಾರ್ ಸೆಲ್ ಅಂದರೆ ಇಂಗಾಲದ ಅಣುಗಳಿಂದ ಮಾಡಿದ ತೆಳು ಪದರ. ಬಿಸಿಲು ಬಿದ್ದಾಗ ಎಲೆಕ್ಟ್ರಾನ್ ಏಳುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ನಾವು ಹೋಲ್ ಅಂತೀವಿ. ಸಿಲಿಕಾನ್‌ನಲ್ಲಿ ಈ ಎರಡೂ ಸುಲಭವಾಗಿ ಬೇರೆಯಾಗುತ್ತವೆ. ಇಲ್ಲಿ ಹಾಗಲ್ಲ. ಒಂದು ನ್ಯಾನೊಮೀಟರ್ ದೂರದಲ್ಲಿದ್ದರೂ ಅವುಗಳ ನಡುವಿನ ಸೆಳೆತ, ಅಣುಗಳ ಶಕ್ತಿ ಅಳೆಯುವ ಮಾನದಲ್ಲಿ, ಸುಮಾರು 0.4 ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಶಾಖ ಕೊಡುವುದು ಬರೀ 0.025. ಹಾಗಾಗಿ ಎಲೆಕ್ಟ್ರಾನನ್ನು ಎಳೆದುಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಬೇಕು, ಅದೂ ಹತ್ತು ನ್ಯಾನೊಮೀಟರ್ ಆಸುಪಾಸಿನಲ್ಲೇ.

ಆ ಇನ್ನೊಬ್ಬರೇ ಫುಲ್ಲರೀನ್, ಸಿ60. 60 ಇಂಗಾಲದ ಪರಮಾಣು, 12 ಐದುಮೂಲೆ, 20 ಆರುಮೂಲೆ, ಥೇಟ್ ಫುಟ್‌ಬಾಲ್. 1985ರಲ್ಲಿ ಸಿಕ್ಕಿತು, 1996ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿಗೆ ನೊಬೆಲ್ ಬಂತು. ಬೆಳಕು ಹೀರುವ ಪಾಲಿಮರ್‌ನಿಂದ, ಅಂದರೆ ಸರಪಳಿಯಂಥ ಉದ್ದ ಅಣುವಿನಿಂದ, ಈ ಚೆಂಡಿಗೆ ಎಲೆಕ್ಟ್ರಾನ್ ಹಾರುತ್ತದೆ ಅಂತ 1992ರಲ್ಲಿ ತೋರಿಸಿದ್ದು ಸಾರಿಚಿಫ್ಟ್‌ಚಿ, ಹೀಗರ್ ತಂಡ. ಆಮೇಲೆ ಅಳೆದಾಗ ಗೊತ್ತಾಯಿತು, ಹಾರಲು ಹಿಡಿಯುವುದು ಸುಮಾರು 45 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲಿ 45 ಪಾಲು.

ಹಾರಿದ್ದಾಯಿತು. ವಾಪಸ್ ಬರಬಾರದು, ಅಲ್ವಾ? ಕಷ್ಟ ಇರುವುದು ಅಲ್ಲೇ, ನನಗೆ ಫುಲ್ಲರೀನ್ ಮೇಲೆ ಪ್ರೀತಿ ಹುಟ್ಟಿದ್ದೂ ಅಲ್ಲೇ.

ಎಲೆಕ್ಟ್ರಾನ್ ಎಷ್ಟು ಬೇಗ ಹಾರುತ್ತದೆ ಅಂತ ರಸಾಯನ ವಿಜ್ಞಾನಿ ರುಡಾಲ್ಫ್ ಮಾರ್ಕಸ್ 1956ರಲ್ಲಿ ಶುರುಮಾಡಿದ ಲೆಕ್ಕದಲ್ಲಿ ಮೂರು ಸಂಖ್ಯೆ ಮುಖ್ಯ. ಎರಡು ಮರದ ತುದಿ ಎಷ್ಟು ಹತ್ತಿರ ಬಂದು ತಾಗುತ್ತವೆ ಅನ್ನುವುದು ಒಂದು, ಅದಕ್ಕೆ ಕಪ್ಲಿಂಗ್ ಅಂತ ಹೆಸರು, ಅದು ಅರ್ಧವಾದರೆ ಹಾರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ದಾಟಿದ ಮೇಲೆ ಒಂದು ಮರ ಸೆಟೆದು ಇನ್ನೊಂದು ಬಾಗಲು ತಗಲುವ ಶಕ್ತಿ ಇನ್ನೊಂದು, ಅದು ಮರುಹೊಂದಾಣಿಕೆ ಶಕ್ತಿ. ದಾಟಿದರೆ ಎಷ್ಟು ಶಕ್ತಿ ಇಳಿಯುತ್ತದೆ ಅನ್ನುವ ಇಳಿಜಾರು ಮೂರನೆಯದು. ಇಳಿಜಾರು ಜಾಸ್ತಿಯಾದಷ್ಟೂ ವೇಗ ಹೆಚ್ಚುತ್ತದೆ, ಆದರೆ ಅದು ಮರುಹೊಂದಾಣಿಕೆಯನ್ನು ದಾಟಿದ ಮೇಲೆ ಉಲ್ಟಾ, ಮತ್ತೆ ನಿಧಾನ. ಇದನ್ನು ತುಂಬಾ ಜನ ನಂಬಿರಲಿಲ್ಲ. 1984ರಲ್ಲಿ ಪ್ರಯೋಗದಲ್ಲಿ ಕಂಡಿತು, 1992ರಲ್ಲಿ ಮಾರ್ಕಸ್‌ಗೆ ನೊಬೆಲ್ ಬಂತು. ಕೊನೆಗೌಡನ ಹೋಲಿಕೆ ಇಲ್ಲಿ ಕೈಕೊಡುತ್ತದೆ, ಅವನಿಗೆ ಇಂಥ ತೊಂದರೆ ಇಲ್ಲ.

ಫುಲ್ಲರೀನ್ ಗಟ್ಟಿ ಚೆಂಡು. ಬಂದ ಎಲೆಕ್ಟ್ರಾನ್ 60 ಪರಮಾಣುಗಳ ಮೇಲೂ ಹರಡಿಕೊಳ್ಳುತ್ತದೆ, ಚೆಂಡು ಬಾಗುವುದೇ ಇಲ್ಲ ಅನ್ನಬಹುದು. ಮರುಹೊಂದಾಣಿಕೆ ಅಷ್ಟು ಕಮ್ಮಿ. ಹೋಗುವಾಗಿನ ಇಳಿಜಾರು ಸಣ್ಣದು, ಈ ಕಮ್ಮಿ ಶಕ್ತಿಗೆ ಸರಿಯಾಗಿ ಕೂರುತ್ತದೆ, ಸರ್ರನೆ ಹಾರುತ್ತದೆ. ವಾಪಸ್ ಬರುವ ಇಳಿಜಾರು ಒಂದು ಎಲೆಕ್ಟ್ರಾನ್‌ವೋಲ್ಟ್‌ನ ಆಸುಪಾಸು, ಅದು ಉಲ್ಟಾ ಭಾಗಕ್ಕೆ ಬೀಳುತ್ತದೆ, ಹಾಗಾಗಿ ತಡವಾಗುತ್ತದೆ. ಆ ತಡದಲ್ಲೇ ಕರೆಂಟ್ ಹುಟ್ಟಬೇಕು. ಒಂದು ಎಚ್ಚರ: ಮಾರ್ಕಸ್‌ನ ಸರಳ ಸೂತ್ರವನ್ನೇ ನಂಬಿದರೆ ವಾಪಸ್ ದಾರಿ ನಿಜಕ್ಕಿಂತ ನಿಧಾನ ಅಂತ ಬರುತ್ತದೆ. ಇಂಗಾಲದ ಬಂಧಗಳ ಜೋರು ಕಂಪನವನ್ನೂ ಸೇರಿಸಲೇಬೇಕು.

ಇನ್ನು ನಾನು ಮೋಸಹೋದ ಕಥೆ. ಒಂದು ಪಾಲಿಮರ್ ತುಂಡು, ಪಕ್ಕದಲ್ಲಿ ಪಿಸಿಬಿಎಂ, ಅಂದರೆ ಬಾಲ ಅಂಟಿಸಿದ ಫುಲ್ಲರೀನ್. ಅದೊಂದರಲ್ಲೇ 88 ಪರಮಾಣು, 462 ಎಲೆಕ್ಟ್ರಾನ್. ಬಿ3ಎಲ್‌ವೈಪಿ ಅನ್ನುವ, ಅಣುಗಳ ಶಕ್ತಿ ಲೆಕ್ಕ ಹಾಕಲು ಎಲ್ಲರೂ ಬಳಸುವ ವಿಧಾನ ಹಾಕಿದೆ. ಎಲೆಕ್ಟ್ರಾನ್ ದಾಟಿದ ಸ್ಥಿತಿಯ ಶಕ್ತಿ ಚೆನ್ನಾಗಿ ಕೆಳಗೆ ಬಂತು, ಅಂದರೆ ದಾಟಲು ಇಳಿಜಾರು ಇದೆ ಅಂತ. ಖುಷಿಯೋ ಖುಷಿ, ಎರಡು ದಿನ ಕಾಳಿ ಸೇತುವೆ ದಾಟುವಾಗೆಲ್ಲ ಸುಮ್ನೆ ನಗುತ್ತಿದ್ದೆ. ಆಮೇಲೆ ದೂರಕ್ಕೆ ತಕ್ಕಂತೆ ತಿದ್ದಿದ ವಿಧಾನದಲ್ಲಿ ಹಾಕಿದರೆ ಅದೇ ಸ್ಥಿತಿ ಮೇಲೆ ಕೂತಿತ್ತು! ಎಲೆಕ್ಟ್ರಾನ್ ಮತ್ತು ಹೋಲ್ ದೂರವಾದಾಗ ಬಿ3ಎಲ್‌ವೈಪಿ ಅವುಗಳ ಸೆಳೆತದ ಐದರಲ್ಲೊಂದು ಪಾಲನ್ನಷ್ಟೇ ಹಿಡಿಯುತ್ತದೆ, ಶಕ್ತಿಯ ಅಂತರವನ್ನೂ ಕಿರಿದು ಮಾಡುತ್ತದೆ, ಒಂದು ಎಲೆಕ್ಟ್ರಾನ್‌ವೋಲ್ಟ್ ಕಡಿಮೆ ತೋರಿಸುವುದೂ ಉಂಟು. ನನಗೆ ಗೊತ್ತಿದ್ದ ವಿಷಯವೇ. ಉತ್ತರ ಇಷ್ಟವಾಗಿತ್ತು, ಅದಕ್ಕೇ ಪರೀಕ್ಷೆ ಮಾಡಲಿಲ್ಲ.

ಎರಡನೇ ತಪ್ಪು ಅಣುಗಳ ಒಂದೇ ಭಂಗಿ ಇಟ್ಟುಕೊಂಡಿದ್ದು. ತೋಟದಲ್ಲಿ ಮರಗಳು ಒಂಬತ್ತು ಅಡಿ ದೂರ, ನಿಂತ ಮರದ ಫೋಟೊ ತೆಗೆದು ನೋಡಿದರೆ ದಾಟುವುದು ಅಸಾಧ್ಯ ಅನಿಸುತ್ತದೆ. ಅಣುಗಳೂ ಶಾಖಕ್ಕೆ ತೂಗಾಡುತ್ತಲೇ ಇರುತ್ತವೆ. ಹಾಗಾಗಿ ಈಗ ಮೊದಲು ಅವುಗಳನ್ನು ಕಂಪ್ಯೂಟರಿನಲ್ಲಿ ಕುಣಿಸಿ, ನೂರಾರು ಗಳಿಗೆಯ ಚಿತ್ರ ತೆಗೆದು, ಒಂದೊಂದಕ್ಕೂ ಕಪ್ಲಿಂಗ್ ಲೆಕ್ಕ ಹಾಕುತ್ತೇನೆ. ಕೆಲವದರಲ್ಲಿ ಸೊನ್ನೆ, ಕೆಲವದರಲ್ಲಿ ಭಾರಿ. ಚೆಂಡು ಉರುಟಾಗಿರುವುದರಿಂದ ಯಾವ ಕಡೆಯಿಂದ ತಾಗಿದರೂ ಏನೋ ಒಂದಿಷ್ಟು ಸಿಗುತ್ತದೆ, ಚಪ್ಪಟೆ ಅಣುಗಳಿಗೆ ಆ ಅದೃಷ್ಟ ಇಲ್ಲ.

ಹಾಗಿದ್ದರೂ ಈಗ ಎಲ್ಲರೂ ಆ ಚಪ್ಪಟೆ ಅಣುಗಳ ಹಿಂದೆಯೇ ಬಿದ್ದಿದ್ದಾರೆ. ಫುಲ್ಲರೀನ್ ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಸರಿಯಾಗಿ ಹೀರುವುದಿಲ್ಲ, ಅದರ ಶಕ್ತಿಮಟ್ಟ ಬದಲಿಸುವುದೂ ಕಷ್ಟ. 2019ರಲ್ಲಿ ವೈ6 ಅನ್ನುವ ಚಪ್ಪಟೆ ಅಣು ಬಂದ ಮೇಲೆ ಫುಲ್ಲರೀನ್ ಸೆಲ್‌ಗಳು ಹಿಂದೆ ಬಿದ್ದವು. ಆದರೂ ಪೆರೊವ್‌ಸ್ಕೈಟ್ ಅನ್ನುವ ಇನ್ನೊಂದು ಬಗೆಯ ಸೋಲಾರ್ ಸೆಲ್‌ಗಳಲ್ಲಿ ಎಲೆಕ್ಟ್ರಾನ್ ಎತ್ತಿಕೊಳ್ಳಲು ಇದೇ ಸಿ60 ಪದರ ಹಾಕುತ್ತಾರೆ, ನನ್ನ ಈಗಿನ ಲೆಕ್ಕವೂ ಅದೇ. ಶಿರಸಿಯಲ್ಲಿ ಮತ್ತೆ ಕೇಳಿದರು, ಮಾಡಿನ ಮೇಲೆ ಯಾವಾಗ ಅಂತ. ಸದ್ಯಕ್ಕೆ ಸಿಲಿಕಾನ್ ಹಾಕಿಸಿ ಅಂದೆ.